ನಾನು ಬರೆದ ‘ಮೌನವಾಗಿರಿ’ ಬೋರ್ಡು

ನಮ್ಮೂರ ಹೊಸ ಗ್ರಂಥಾಲಯದೊಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಒಂದು ಬೋರ್ಡು ಕಾಣುತ್ತದೆ. ಬಿಳಿ ಹಲಗೆ, ನೀಲಿ ಅಕ್ಷರ: ‘ದಯವಿಟ್ಟು ಮೌನವಾಗಿರಿ’. ಉದ್ಘಾಟನೆಯ ದಿನ ಬಂದವರೆಲ್ಲ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ಹೊಗಳಿದರು. ಅದನ್ನು ಬರೆದವಳು ನಾನು. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಊರಲ್ಲಿ ಯಾರಿಗಾದರೂ ಸನ್ಮಾನಪತ್ರ ಬರೆಯಬೇಕಾದರೆ, ಕಾರ್ಯಕ್ರಮದ ಬ್ಯಾನರು ಬರೆಯಬೇಕಾದರೆ ‘ಅಕ್ಕೋರ ಹತ್ರ ಬರೆಸಿ’ ಎನ್ನುವುದು ರೂಢಿಯಾಗಿಬಿಟ್ಟಿದೆ. ಹಾಗಾಗಿ ಇದನ್ನೂ ಕೇಳಿದರು, ನಾನೂ ಬಣ್ಣ, ಬ್ರಶ್ಶು ಹಿಡಿದು ಖುಷಿಯಿಂದಲೇ ಕೂತೆ. ಆ ಖುಷಿಯನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಊರಿನ ಮೇಲೂ ಬರುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಿ ನೋಡುವ ವ್ಯವಧಾನ ನನಗಿಲ್ಲ.

ನಮ್ಮದು ಕುಮಟಾ ಮತ್ತು ಹೊನ್ನಾವರದ ನಡುವಿನ ಸಣ್ಣ ಪೇಟೆ. ಹಳೆಯ ಗ್ರಂಥಾಲಯ ಮೀನುಪೇಟೆಯ ಬೆನ್ನಿಗಿದ್ದ ಒಂದು ಬಾಡಿಗೆ ಕೋಣೆ. ಹಂಚಿನ ಮಾಡು, ಒಂದೇ ಕಿಟಕಿ, ಕಿಟಕಿಯ ಹೊರಗೆ ಉದ್ದದ ಜಗಲಿ. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಊಟವಾದ ಮೇಲೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಪುಸ್ತಕ ಬೇಕಾದವರು ಅವರನ್ನು ಎಬ್ಬಿಸದೆ ತಾವೇ ತೆಗೆದುಕೊಂಡು, ತಾವೇ ರಿಜಿಸ್ಟರಿನಲ್ಲಿ ಬರೆದಿಟ್ಟು ಹೋಗುತ್ತಿದ್ದರು. ಪುಸ್ತಕ ಕಳೆದುಹೋದದ್ದು ನನಗೆ ನೆನಪಿಲ್ಲ. ಮೀನಿನ ವಾಸನೆ ಮಾತ್ರ ಕಾದಂಬರಿಗಳ ಪುಟಗಳಿಗೂ ಹತ್ತಿತ್ತು. ನಾನು ಅಡಿಕೆ ತೋಟದವರ ಮನೆಯ ಹುಡುಗಿ, ಮೀನು ತಿನ್ನುವವಳಲ್ಲ. ಮೊದಲ ವರ್ಷ ಮೂಗಿಗೆ ಸೆರಗು ಹಿಡಿದುಕೊಂಡೇ ಓದುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಿವೃತ್ತಳಾದ ಹೊಸದರಲ್ಲಿ ಒಂದು ಮಧ್ಯಾಹ್ನ ಕಿಟಕಿಯ ಬಳಿ ಕೂತು ಪೇಪರು ನೋಡುತ್ತಿದ್ದೆ. ಹೊರಗಿನಿಂದ ಒಂದು ಕೈ ಸರಳುಗಳ ನಡುವೆ ಹಳೆಯ ಪೇಪರಿನ ಚೂರೊಂದನ್ನು ಚಾಚಿತು. ಮೀನು ಕಟ್ಟಿಕೊಡಲು ಇಟ್ಟುಕೊಂಡ ಪೇಪರು. ಅದರಲ್ಲಿ ಮಗುಚಿದ ಬೋಟಿನ ಚಿತ್ರವಿತ್ತು. ಕೈ ಚಾಚಿದವಳು ಬಂಗಡೆ ಮೀನು ಮಾರುವ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಪೇಟೆಯ ಮೂಲೆಯಲ್ಲಿ, ಮರದ ನೆರಳಿನಲ್ಲಿ ಕೂರುತ್ತಿದ್ದಳು. ಅದು ಅವಳ ತಾಯಿ ಕೂರುತ್ತಿದ್ದ ಜಾಗವಂತೆ.

“ಅಕ್ಕೋರೆ, ಇದ್ರಲ್ಲಿ ಎಂತ ಬರ್ದಾರೆ ನೋಡಿ ಹೇಳೂಕಾಗ್ತದ್ಯಾ?” ಎಂದಳು. “ನಮ್ ಅಳಿಯ ಭಟ್ಕಳದ ಬೋಟಲ್ಲಿದ್ದಾನೆ.”

ಓದಿದೆ. ಆ ಬೋಟು ಭಟ್ಕಳದ್ದಲ್ಲ, ಅದರಲ್ಲಿದ್ದವರೆಲ್ಲರೂ ಈಜಿ ದಡ ಸೇರಿದ್ದರು. ಪೇಪರು ನೋಡಿದರೆ ಎಂಟು ದಿನ ಹಳೆಯದು. ಎಂಟು ದಿನದ ಹಿಂದಿನ ಸುದ್ದಿಗೆ ಅವಳು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ದಿನವೂ ರಾಶಿ ರಾಶಿ ಪೇಪರು ಇವಳ ಕೈಯಿಂದ ಹಾದುಹೋಗುತ್ತದೆ, ಅದರಲ್ಲಿ ಒಂದು ಸಾಲೂ ಇವಳನ್ನು ಮುಟ್ಟುವುದಿಲ್ಲವಲ್ಲ ಎಂದು ನನಗೆ ಆ ದಿನ ಹೊಳೆಯಿತು. ಅವಳು ದಡ್ಡಿಯಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಭಟ್ಕಳದ ಗಿರಾಕಿ ಬಂದರೆ ನವಾಯತಿಯಲ್ಲೂ ಚೌಕಾಶಿ. ಮೂರು ಭಾಷೆ ಬಲ್ಲವಳು. ನಾನು ಸರಿಯಾಗಿ ಬಲ್ಲದ್ದು ಒಂದೂವರೆ. ಆದರೆ ಅಕ್ಷರ ನನ್ನ ಕಡೆ ಇತ್ತು.

ಮರುದಿನ ಅವಳು ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಆಮೇಲೆ ಅದೊಂದು ಪದ್ಧತಿಯೇ ಆಗಿಹೋಯಿತು. ಮಧ್ಯಾಹ್ನ ಎರಡೂವರೆಗೆ ಮೀನುಪೇಟೆ ತಣ್ಣಗಾಗುತ್ತದೆ. ಆಗ ಹತ್ತು ಹನ್ನೆರಡು ಹೆಂಗಸರು ಬುಟ್ಟಿಗಳನ್ನು ಮೆಟ್ಟಿಲ ಮೇಲಿಟ್ಟು ಜಗಲಿಗೆ ಬಂದು ಕೂರುವುದು, ನಾನು ಕಿಟಕಿಯ ಒಳಗಿನಿಂದ ಗಟ್ಟಿಯಾಗಿ ಓದುವುದು. ‘ಪೇಪರ್ ಕೇಳೂಕೆ ಹೋಗೂದು’ ಎನ್ನುತ್ತಿದ್ದರು ಅದಕ್ಕೆ. ಯಾವುದನ್ನು ಮೊದಲು ಓದಬೇಕು ಎನ್ನುವುದೂ ಅವರದೇ ಅಪ್ಪಣೆ. ಮೊದಲು ಜಿಲ್ಲೆಯ ಪುಟ, ಅದರಲ್ಲೂ ಸಣ್ಣ ಅಕ್ಷರದ ಪ್ರಕಟಣೆಗಳು. ಆಮೇಲೆ ಗಾಳಿ, ಕಡಲಿನ ಮುನ್ಸೂಚನೆ. ಆಮೇಲೆ ಸತ್ತವರು. ಸಮಯ ಉಳಿದರೆ ಒಂದು ಕೊಲೆ. ರಾಜಕೀಯ ಶುರು ಮಾಡಿದರೆ, “ಅದನ್ನ ಬಿಡಿ ಅಕ್ಕೋರೆ, ಅವ್ರು ಓಟು ಕೇಳೂಕೆ ಮನೆಗೇ ಬತ್ರು,” ಎಂದು ಬಂಗಡೆಯವಳು ತಡೆಯುತ್ತಿದ್ದಳು. ಒಂದು ಪ್ರಕಟಣೆ ಮುಗಿದರೆ “ಕಡೇ ದಿನ ಯಾವಾಗ?” ಎಂದು ಕೇಳುವುದು ಅವಳ ಅಭ್ಯಾಸ. ನಾನು ದಿನಾಂಕ ಓದಿದರೆ “ಸಮಾ ಕೇಳ್ಲಿಲ್ಲ, ಇನ್ನೊಂದ್ಸಲ ಓದಿ,” ಎನ್ನುವಳು. ಕೇಳಿಸಿರುತ್ತಿತ್ತು. ಎರಡು ಸಲ ಕೇಳಿದರೆ ಅವಳಿಗೆ ಮರೆಯುತ್ತಿರಲಿಲ್ಲ, ಅಷ್ಟೆ. ರೇಷನ್ ಕಾರ್ಡಿನ ತಿದ್ದುಪಡಿ, ವಿಧವಾ ವೇತನಕ್ಕೆ ಕೊಡಬೇಕಾದ ಕಾಗದ, ಮೀನುಗಾರ ಹೆಂಗಸರಿಗೆ ಕೊಡುವ ಐಸ್ ಪೆಟ್ಟಿಗೆಯ ಅರ್ಜಿ, ಯಾವುದರ ದಿನವನ್ನೂ ಅವರು ತಪ್ಪಿಸಿಕೊಳ್ಳಲಿಲ್ಲ. ಪಂಚಾಯಿತಿಯವರಿಗೇ ಇವರು ನೆನಪು ಮಾಡುತ್ತಿದ್ದರು.

ಹನ್ನೊಂದು ವರ್ಷ ಹೀಗೆ ನಡೆಯಿತು. ಆ ಜಗಲಿಯ ಮೇಲೆ ನಡೆಯುತ್ತಿದ್ದುದೇ ಗ್ರಂಥಾಲಯದ ಕೆಲಸ ಎಂದು ಯಾವ ವರದಿಯಲ್ಲೂ ಬರಲಿಲ್ಲ. ನಾನೂ ಹಾಗೆಂದುಕೊಂಡಿರಲಿಲ್ಲ. ಹೊತ್ತು ಹೋಗಲು ಮಾಡುವ ಒಂದು ಸಣ್ಣ ಉಪಕಾರ ಎಂದುಕೊಂಡಿದ್ದೆ.

ಹೊಸ ಕಟ್ಟಡ ಬಂತು. ಹಳೆಯ ಕೋಣೆಯಿಂದ ದೂರವೇನಲ್ಲ, ಮೀನುಪೇಟೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಗ್ರಾನೈಟ್ ಮೆಟ್ಟಿಲು, ಗಾಜಿನ ಬಾಗಿಲು, ಎ.ಸಿ., ಕಂಪ್ಯೂಟರು, ಮೆತ್ತನೆಯ ಕುರ್ಚಿ. ಬೇಡವೆನ್ನುವಂಥದ್ದೇನಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಕೂರಲು ಜಾಗವಿಲ್ಲದೆ ಬಸ್ ಹಿಡಿದು ಕುಮಟಾಕ್ಕೆ ಹೋಗುತ್ತಿದ್ದರು, ಅವರಿಗೆ ಊರಲ್ಲೇ ಜಾಗವಾಯಿತು. ನನ್ನ ಸಿಟ್ಟು ಕಟ್ಟಡದ ಮೇಲಲ್ಲ.

ಉದ್ಘಾಟನೆಗೆ ಪೂರ್ಣಕುಂಭದ ಸ್ವಾಗತ ಬೇಕೆಂದಾಯಿತು. ಯಾರನ್ನು ನಿಲ್ಲಿಸುವುದು? ಮೀನುಪೇಟೆಯ ಹೆಂಗಸರನ್ನು ಕರೆದರು. ಎಲ್ಲರಿಗೂ ಒಂದೇ ಬಣ್ಣದ ಸೀರೆ ಉಟ್ಟು ಬರಲು ಹೇಳಿದರು. ಆ ದಿನ ಪೇಟೆ ಬಂದ್ ಮಾಡಿ, ತಲೆಗೆ ಅಬ್ಬಲಿಗೆ ದಂಡೆ ಮುಡಿದು, ಕೈಯಲ್ಲಿ ಕಳಸ ಹಿಡಿದು ಎರಡು ತಾಸು ಬಿಸಿಲಲ್ಲಿ ನಿಂತರು. ಶಾಸಕರು ತಡವಾಗಿ ಬಂದರು, ರಿಬ್ಬನ್ ಕತ್ತರಿಸಿದರು, “ಗ್ರಂಥಾಲಯ ಊರಿನ ಕಣ್ಣು” ಎಂದರು. ಮತ್ತೊಬ್ಬರು “ಊರಿನ ಹೃದಯ” ಎಂದರು. ಕೊನೆಗೆ ಮಾತಾಡಿದವರಿಗೆ ದೇಹದ ಯಾವ ಭಾಗವೂ ಉಳಿದಿರಲಿಲ್ಲವೆಂದು ಕಾಣುತ್ತದೆ, “ಸರಸ್ವತಿಯ ಮಂದಿರ” ಎಂದು ಮುಗಿಸಿದರು. ಕಳಸ ಹಿಡಿದವರನ್ನು ಒಳಗೆ ಕರೆಯಲಿಲ್ಲ, ಜಾಗವಿಲ್ಲವೆಂದು. ಹಿಂದುಗಡೆ ಶಾಮಿಯಾನದಲ್ಲಿ ಅವರಿಗೆ ಶಿರಾ, ಉಪ್ಪಿಟ್ಟು ಕೊಟ್ಟರು. ಬಂಗಡೆಯವಳು ಗಾಜಿನ ಬಾಗಿಲಿಗೆ ಮುಖ ಒತ್ತಿ ಒಳಗೆ ನೋಡಿ ನನ್ನ ಹತ್ತಿರ ಬಂದಳು.

“ಕಿಟಕಿ ಎಲ್ಲಿದೆ ಅಕ್ಕೋರೆ? ನೀವು ಎಲ್ಲಿ ಕೂತ್ಕಂಡು ಓದೂದು?”

“ಎ.ಸಿ. ಇದೆ ಮಾರಾಯ್ತಿ, ಕಿಟಕಿ ತೆಗೆಯೂಕಾಗೂದಿಲ್ಲ. ಏನಾದ್ರೂ ಮಾಡ್ವ,” ಎಂದೆ. ಹೆಗಲ ಮೇಲೆ ಶಾಲಿತ್ತು, ಕೈಯಲ್ಲಿ ಹಣ್ಣಿನ ಬುಟ್ಟಿ. ಬೋರ್ಡು ಬರೆದದ್ದಕ್ಕೆ ನನಗೂ ಸನ್ಮಾನವಾಗಿತ್ತು. ಶಾಲು ಹೊದ್ದವರಿಗೆ ‘ಏನಾದ್ರೂ ಮಾಡ್ವ’ ಎನ್ನುವುದು ಎಷ್ಟು ಸುಲಭ.

ಮರುವಾರ ಎರಡೂವರೆಗೆ ಹೆಂಗಸರು ಬಂದರು. ಮೆಟ್ಟಿಲ ಮೇಲೆ ಬುಟ್ಟಿ ಇಟ್ಟರು. ಬುಟ್ಟಿಯಿಂದ ನೀರು ಇಳಿಯಿತು. ಕಾವಲುಗಾರ ಓಡಿ ಬಂದು ಬುಟ್ಟಿಗಳನ್ನು ರಸ್ತೆಯ ಆಚೆ ಇಡಿಸಿದ. ನಾಯಿ ಕಾಗೆ ಇರುವ ರಸ್ತೆಯ ಬದಿ ಮೀನಿನ ಬುಟ್ಟಿ ಇಟ್ಟು ಪೇಪರ್ ಕೇಳಲು ಯಾರು ಬರುತ್ತಾರೆ? ಆದರೂ ನಾಲ್ಕು ಜನ ಒಳಗೆ ಬಂದರು. ಟೈಲ್ಸ್ ಮೇಲೆ ಬೆರಳ ತುದಿಯಲ್ಲಿ ನಡೆದು ಬಂದು, ಕುರ್ಚಿಯಲ್ಲಿ ಕೂರಲು ಸಂಕೋಚವಾಗಿ ಗೋಡೆಗೆ ಒರಗಿ ನಿಂತರು. ನಾನು ಜಿಲ್ಲೆಯ ಪುಟ ಬಿಡಿಸಿ ಓದತೊಡಗಿದೆ. ಎರಡನೆಯ ಸಾಲಿಗೆ ಪರೀಕ್ಷೆಗೆ ಓದುತ್ತಿದ್ದ ಮಕ್ಕಳು ತಲೆಯೆತ್ತಿದರು. ಮೇಲ್ವಿಚಾರಕರು ಎದ್ದು ಬಂದರು. ಹೊಸದಾಗಿ ಬಂದವರು, ಎಳೆಯ ವಯಸ್ಸು, ಬಹಳ ಮರ್ಯಾದಸ್ಥರು.

“ಮೇಡಂ, ಇಲ್ಲಿ ಹೀಗೆ ಗಟ್ಟಿಯಾಗಿ ಓದುವ ಹಾಗಿಲ್ಲ,” ಎಂದರು. ಆಮೇಲೆ ಗೋಡೆಯ ಕಡೆ ನೋಡಿದರು. ನಾನೂ ನೋಡಿದೆ. ನನ್ನದೇ ಅಕ್ಷರ.

ಆಗ ನಾನು ಜಗಳ ಮಾಡಬೇಕಿತ್ತು. ತರಗತಿಯಲ್ಲಿ ಮೂವತ್ತೆರಡು ವರ್ಷ ಮಕ್ಕಳ ಬಾಯಿ ಮುಚ್ಚಿಸಿದವಳಿಗೆ ತನ್ನ ಬಾಯಿ ತೆರೆಯುವುದು ಕಷ್ಟವಾಯಿತೋ ಏನೋ. ಮೆಟ್ಟಿಲ ಬದಿಗೊಂದು ತಗಡಿನ ಮಾಡು ಹಾಕಿಸಿ ಎಂದು ಒಂದು ಅರ್ಜಿ ಬರೆದುಕೊಟ್ಟೆ. ಅದು ಯಾವುದೋ ಫೈಲಿನೊಳಗೆ ಹೋಗಿ ಮಲಗಿತು. ಹೆಂಗಸರು ಎರಡು ದಿನ ಬಂದು ನೋಡಿ, ಮೂರನೆಯ ದಿನ ಬರಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ: ನನಗೆ ಹಾಯೆನಿಸಿತು. ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ವಾಸನೆಯಿಲ್ಲದ ಪುಸ್ತಕ. ಹನ್ನೊಂದು ವರ್ಷದ ನಂತರ ಪೇಪರನ್ನು ನನಗೋಸ್ಕರ ಓದತೊಡಗಿದೆ. ಸಂಪಾದಕೀಯ, ಭಾನುವಾರದ ಪುರವಣಿ, ಪುಸ್ತಕ ವಿಮರ್ಶೆ. ಜಿಲ್ಲೆಯ ಪುಟವನ್ನು ಮಗುಚಿ ಮುಂದೆ ಹೋಗುತ್ತಿದ್ದೆ. ಸಣ್ಣ ಅಕ್ಷರದ ಪ್ರಕಟಣೆಗಳಲ್ಲಿ ನನಗೇನು ಕೆಲಸ?

ಒಂದು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಗಾಜಿನ ಬಾಗಿಲ ಆಚೆ ಬಂಗಡೆಯವಳು ನಿಂತಿದ್ದಳು. ತಲೆಯ ಮೇಲೆ ಬುಟ್ಟಿಯಿರಲಿಲ್ಲ. ನನ್ನನ್ನು ಕಂಡು ಕೈ ಬೀಸಿ ಏನೋ ಹೇಳಿದಳು. ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಒಳಗಿದ್ದವರು ತಿರುಗಿ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟು ‘ಶ್’ ಎಂದು ತೋರಿಸಿದೆ. ಆಮೇಲೆ ಓದುತ್ತಿದ್ದ ಪುಟವನ್ನು ಮುಗಿಸಿ, ಗುರುತಿಗೆ ಚೀಟಿ ಇಟ್ಟು, ಹೊರಗೆ ಹೋದೆ.

“ಅಕ್ಕೋರೆ, ಹೊಸ ಮೀನು ಮಾರ್ಕೆಟಲ್ಲಿ ಕಟ್ಟೆ ಕೊಡೂಕೆ ಅರ್ಜಿ ಕರೆದಿದ್ರಂತೆ,” ಎಂದಳು. “ಹಿಂದಿಂದ ಕೂತ್ಕಂಡು ಮಾರ್ತಿದ್ದವ್ರಿಗೆ ಮೊದ್ಲು, ಅರ್ಜಿ ಕೊಡದಿದ್ರೆ ಆ ಕಟ್ಟೆ ಹರಾಜು ಅಂತೆ. ಮೊನ್ನೆಗೇ ಕಡೇ ದಿನ ಆಗಿಹೋಯ್ತಂತೆ. ನಮ್ಗೆ ಈಗ ಗೊತ್ತಾತು. ಪೇಪರಲ್ಲಿ ಬಂದಿತ್ತಂತೆ, ಹೌದಾ?”

ಹಳೆಯ ಮೀನುಪೇಟೆ ಮುಚ್ಚಿಸಲು ಪಕ್ಕದಲ್ಲೇ ಹೊಸದು ಕಟ್ಟುತ್ತಿರುವುದು ಎಲ್ಲರಿಗೂ ಗೊತ್ತಿತ್ತು. ಕಟ್ಟೆ ಹೇಗೂ ನಮಗೇ ಎಂದು ಹೆಂಗಸರು ನೆಮ್ಮದಿಯಿಂದಿದ್ದರು. ಕೂತ ಜಾಗಕ್ಕೆ ಅರ್ಜಿ ಕೊಡಬೇಕು ಎಂದು ಯಾರಿಗೆ ಹೊಳೆಯುತ್ತದೆ?

“ನೋಡ್ತೆ ಇರು,” ಎಂದು ಒಳಗೆ ಬಂದು ಹಳೆಯ ಪೇಪರುಗಳನ್ನು ತಿರುವಿದೆ. ಜಿಲ್ಲೆಯ ಪುಟ, ಎಡಗಡೆಯ ಮೂಲೆ, ಸಣ್ಣ ಅಕ್ಷರ. ಆ ದಿನದ ಪುರವಣಿಯನ್ನು ನಾನು ಎರಡು ಸಲ ಓದಿದ್ದೆ. ತಲೆಯೆತ್ತಿದರೆ ಬಾಗಿಲ ಪಕ್ಕದಲ್ಲೇ ನೋಟಿಸ್ ಬೋರ್ಡು, ಗಾಜಿನ ಪೆಟ್ಟಿಗೆ, ಬೀಗ. ಅದರೊಳಗೂ ಅದೇ ಪ್ರಕಟಣೆ, ಸೀಲು ಸಹಿ ಸಮೇತ, ಟೆಂಡರಿನ ಕಾಗದಗಳ ನಡುವೆ. ನಾನು ದಿನಾ ಕೂರುತ್ತಿದ್ದ ಕುರ್ಚಿಯಿಂದ ನಾಲ್ಕು ಹೆಜ್ಜೆ. ಆ ಪ್ರಕಟಣೆ ಯಾರಿಗಾಗಿ ಬರೆದದ್ದೋ ಅವರು ಕೂಗಿದರೆ ಕೇಳುವಷ್ಟು ದೂರದಲ್ಲಿ ಮೀನು ಮಾರುತ್ತಿದ್ದರು. ಕೂಗುವವರು ಇರಲಿಲ್ಲ. ಕೂಗಬೇಕಾದವಳು ಎ.ಸಿ.ಯಲ್ಲಿ ಕೂತು ವಿಮರ್ಶೆ ಓದುತ್ತಿದ್ದಳು.

ಹೆಂಗಸರನ್ನೆಲ್ಲ ಕರೆದುಕೊಂಡು ಪಂಚಾಯಿತಿ ಕಚೇರಿಗೆ ಹೋದೆ. ಅಲ್ಲಿಯ ಅಧಿಕಾರಿ ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತ, ಕುರ್ಚಿ ಕೊಟ್ಟ, ಚಾ ತರಿಸಿದ. ಹೆಂಗಸರು ಬಾಗಿಲಲ್ಲೇ ನಿಂತಿದ್ದರು.

“ನಾವು ಪ್ರಕಟಣೆ ಕೊಟ್ಟಿದ್ದೇವಲ್ಲ ಅಕ್ಕೋರೆ,” ಎಂದ. “ಪೇಪರಿಗೂ ಕೊಟ್ಟಿದ್ದೇವೆ, ಗ್ರಂಥಾಲಯದಲ್ಲೂ ಹಾಕಿದ್ದೇವೆ. ನಿಯಮದ ಪ್ರಕಾರ ಅಷ್ಟು ಸಾಕು.”

“ಇವರಿಗೆ ಓದಲು ಬರುವುದಿಲ್ಲ.”

“ಯಾರ ಹತ್ತಿರವಾದರೂ ಓದಿಸಿಕೊಳ್ಳಬಹುದಿತ್ತು.”

“ಎಲ್ಲಿ ಓದಿಸಿಕೊಳ್ಳಬೇಕಿತ್ತಪ್ಪ?”

ಅವನು ಕುಹಕವಾಡಲಿಲ್ಲ. ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದ. “ಗ್ರಂಥಾಲಯದಲ್ಲಿ, ಅಕ್ಕೋರೆ. ಅದಕ್ಕೇ ಅಲ್ವಾ ಕಟ್ಟಿಸಿದ್ದು?”

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೀನು ಹೊತ್ತವರು ಒಳಗೆ ಬರಬಾರದೆಂದು ಮೆಟ್ಟಿಲು ಕಟ್ಟಿಸಿ, ಮಾತಾಡಬಾರದೆಂದು ಗೋಡೆಯ ಮೇಲೆ ಬರೆಸಿ, ಆಮೇಲೆ ಅವರ ಅನ್ನದ ಕಾಗದವನ್ನು ಒಳಗೆ ಬೀಗ ಹಾಕಿ ಇಟ್ಟು, ಬಂದು ಓದಲಿಲ್ಲವೆಂದು ಅವರನ್ನೇ ಬೈಯುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದೆ. ಕಳಸ ಹಿಡಿಯಲು ಬೇಕಾದಾಗ ಇವರ ಮನೆಮನೆಗೆ ಜನ ಕಳಿಸಿದಿರಿ. ಕಟ್ಟೆಯ ಸುದ್ದಿ ಹೇಳಲು ಒಬ್ಬ ಮನುಷ್ಯ ಸಿಗಲಿಲ್ಲವೇ ಎಂದೆ. ಅವನು ತಲೆ ತಗ್ಗಿಸಿ ಕೇಳಿದ, ಒಳ್ಳೆಯ ಹುಡುಗ. ಕೇಳಿ, “ತಡವಾಗಿ ಬಂದದ್ದು ಎಂದು ಬರೆದು ತಗೊಳ್ತೇನೆ, ಕಟ್ಟೆ ಉಳಿದರೆ ಕೊಡಿಸ್ತೇನೆ,” ಎಂದ. ಅವನ ಕೈಯಲ್ಲಿದ್ದದ್ದೂ ಅಷ್ಟೇ ಇರಬೇಕು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆ ದಿನ ಅವರ ಜಗಲಿಗಳಲ್ಲಿ ಕೂತು ಹನ್ನೆರಡು ಅರ್ಜಿ ಬರೆದೆ. ಮುಂದಿನ ಸಾಲಿನ ಕಟ್ಟೆಗಳು ಹರಾಜಿನಲ್ಲಿ ವ್ಯಾನು ಇಟ್ಟುಕೊಂಡವರಿಗೆ, ಏಜೆಂಟರಿಗೆ ಹೋದವು. ಒಂಬತ್ತು ಜನಕ್ಕೆ ಹಿಂದಿನ ಗೋಡೆಯ ಬದಿ, ಚರಂಡಿಯ ಹತ್ತಿರ, ಗಿರಾಕಿ ಕಾಲಿಡದ ಕಡೆ ಕಟ್ಟೆ ಸಿಕ್ಕಿತು. ಮೂವರಿಗೆ ಸಿಗಲಿಲ್ಲ. ಅವರಲ್ಲಿ ಬಂಗಡೆಯವಳೂ ಒಬ್ಬಳು. ಈಗ ಅವಳು ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಾಳೆ, ಧಾರೇಶ್ವರದ ಕಡೆಗೂ ಹೋಗುತ್ತಾಳೆ. ಅವಳಿಗೆ ಮಂಡಿನೋವು.

ಹರಾಜು ಮುಗಿದ ಮೇಲೆ ಮನೆಯಲ್ಲಿ ನಾಲ್ಕು ದಿನ ನಾನು ಕಂಡಕಂಡವರನ್ನೆಲ್ಲ ಬೈದೆ. ಪಂಚಾಯಿತಿ, ಶಾಸಕರು, ಮೇಲ್ವಿಚಾರಕರು, ಕಾವಲುಗಾರ, ಗ್ರಾನೈಟು. ಬ್ಯಾಂಕಿನಿಂದ ನಿವೃತ್ತರಾದ ನನ್ನ ಯಜಮಾನರು ಮಾತು ಕಡಿಮೆ. ಐದನೆಯ ದಿನ ಮಜ್ಜಿಗೆ ಬಡಿಸುವಾಗ, “ಅದೆಲ್ಲ ಸಮಾ ಇದ್ದು. ಬೋರ್ಡು ಬರದ್ದು ನೀನೇ ಅಲ್ದ?” ಎಂದರು. ಆಮೇಲೆ ಊಟ ಮುಂದುವರಿಸಿದರು.

ಆ ಮಧ್ಯಾಹ್ನ ಬಂಗಡೆಯವಳ ಮನೆಗೆ ಹೋದೆ. ನಾಳೆಯಿಂದ ಪೇಪರ್ ಓದ್ತೆ, ಗ್ರಂಥಾಲಯದ ಮೆಟ್ಟಿಲ ಮೇಲೇ ಕೂತು ಓದ್ತೆ, ಯಾರು ಬೇಡ ಅಂತಾರೋ ನೋಡ್ವ, ಬಾ ಎಂದೆ. ಅವಳು ಸಿಟ್ಟು ಮಾಡಲಿಲ್ಲ. ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

“ಈಗ ಕೇಳ್ಕಂಡು ಎಂತ ಮಾಡೂದು ಅಕ್ಕೋರೆ?” ಎಂದಳು. “ಆವತ್ತು ಓದಿದ್ರೆ ಆಗ್ತಿತ್ತು.”

ಬೈದಿದ್ದರೆ ಎದ್ದು ಬರಬಹುದಿತ್ತು. ಅವಳು ಬೈಯಲಿಲ್ಲವಾದ್ದರಿಂದ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಮರುದಿನ ಎರಡೂವರೆಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ಚಾಪೆ ಹಾಕಿ ಕೂತೆ. ಯಾರೂ ಬರಲಿಲ್ಲ. ಬಿಸಿಲು, ಲಾರಿಗಳ ಸದ್ದು. ಜಿಲ್ಲೆಯ ಪುಟವನ್ನು ಗಟ್ಟಿಯಾಗಿ ಓದಿದೆ. ಕಾವಲುಗಾರ ಒಬ್ಬನೇ ಕೇಳಿದ. ಎರಡನೆಯ ದಿನವೂ ಅಷ್ಟೆ. ಮೇಲ್ವಿಚಾರಕರು ಹೊರಗೆ ಬಂದು, “ಮೇಡಂ, ಜನ ಏನೆಂದುಕೊಳ್ಳುತ್ತಾರೆ,” ಎಂದರು. ಏನೆಂದುಕೊಳ್ಳಬೇಕೋ ಅದನ್ನೇ ಅಂದುಕೊಳ್ಳಲಿ ಎಂದೆ. ಮೂರನೆಯ ದಿನ ಚರಂಡಿ ಬದಿಯ ಕಟ್ಟೆಯ ಇಬ್ಬರು ಬಂದು ದೂರದಲ್ಲಿ ನಿಂತು ಕೇಳಿದರು.

ನಾಲ್ಕನೆಯ ದಿನ ಬಂಗಡೆಯವಳು ಬಂದಳು. ಬುಟ್ಟಿಯನ್ನು ತಲೆಯಿಂದಿಳಿಸಿ ಗ್ರಾನೈಟಿನ ಮೇಲೆ ನೇರವಾಗಿ ಇಟ್ಟಳು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಕಾವಲುಗಾರ ನನ್ನ ಮುಖ ನೋಡಿದ, ಆಮೇಲೆ ಬೇರೆ ಕಡೆ ನೋಡಿದ. ನಾನು ಪೇಪರು ಬಿಡಿಸಿದೆ.

“ಪೇಪರ್ ಆಮೇಲೆ,” ಎಂದಳು. “ಮೊದ್ಲು ಆ ಗಾಜಿನ ಪೆಟ್ಟಿಗೆಯಲ್ಲಿರೂದು ಓದಿ. ನಮ್ಮದು ಅದ್ರಲ್ಲಿತ್ತು ಅಂದ್ರಲ್ಲ.”

ಎದ್ದು ಗಾಜಿನ ಬಾಗಿಲು ತಳ್ಳಿ, ಅದು ಮುಚ್ಚದ ಹಾಗೆ ಕಾಲು ಅಡ್ಡವಿಟ್ಟು ನಿಂತೆ. ಒಳಗಿನ ತಂಪು ಹೊರಗೆ ಬಂತು. ಒಳಗೆ ಎಲ್ಲರೂ ತಲೆಯೆತ್ತಿದರು. ಆ ಕಾಗದವನ್ನು ಇನ್ನೂ ತೆಗೆದಿರಲಿಲ್ಲ. ಎದುರಿನ ಗೋಡೆಯ ಮೇಲೆ ನನ್ನ ನೀಲಿ ಅಕ್ಷರ ಕಾಣುತ್ತಿತ್ತು. ಪ್ರಕಟಣೆಯನ್ನು ಮೇಲಿನ ಸೀಲಿನಿಂದ ಹಿಡಿದು ಕೆಳಗಿನ ಸಹಿಯವರೆಗೆ ಒಂದಕ್ಷರ ಬಿಡದೆ ಓದಿದೆ. ‘ಈಗಾಗಲೇ ವ್ಯಾಪಾರ ನಡೆಸುತ್ತಿರುವವರಿಗೆ ಮೊದಲ ಆದ್ಯತೆ’ ಎಂಬುದನ್ನೂ ಓದಿದೆ. ಕೊನೆಯ ದಿನಾಂಕವನ್ನೂ ಓದಿದೆ.

ಅವಳು ಬುಟ್ಟಿಯ ಪಕ್ಕ ಕೂತು, ಮಂಡಿಯ ಮೇಲೆ ಕೈಯಿಟ್ಟು ಕೇಳಿದಳು.

“ಸಮಾ ಕೇಳ್ಲಿಲ್ಲ,” ಎಂದಳು. “ಇನ್ನೊಂದ್ಸಲ ಓದಿ.”

ಇನ್ನೊಂದು ಸಲ ಓದಿದೆ.